ಜಲಪಾತ ನೋಡಲು ಬಂದವರು ಕೆರೆಯನ್ನೂ ನೋಡಲಿ

ಮುಂಗಾರು ಹಿಂದೆ ಸರಿದು ಹಿಂಗಾರಿನ ಮೋಡಗಳು ನಂದಿಯ ಬೆಟ್ಟಸಾಲಿನ ಮೇಲೆ ಕವಿಯುವ ಹೊತ್ತಿಗೆ ಚಿಕ್ಕಬಳ್ಳಾಪುರದ ಸುತ್ತಲಿನ ಬಂಡೆಗಳು ಬೇರೆಯೇ ರೂಪ ತಳೆಯುತ್ತವೆ. ವರ್ಷದ ಬಹುಪಾಲು ಬಿಸಿಲಿಗೆ ಕಾದು ಕಪ್ಪಾಗಿ ಕುಳಿತಿರುವ ಹಾಸುಬಂಡೆಗಳ ಮೇಲೆ ನೀರು ಗೆರೆಗೆರೆಯಾಗಿ ಇಳಿಯುತ್ತದೆ. ಎರಡು ಬೆಟ್ಟಗಳ ನಡುವಿನ ಕೊರಕಲುಗಳಲ್ಲಿ ಸದ್ದು ಹುಟ್ಟುತ್ತದೆ. ಕೇತೇನಹಳ್ಳಿಯ ಜಲಪಾತದಂಥ ತಾಣಗಳು ಜೀವ ಪಡೆಯುವುದು ಆಗಲೇ. ಇವು ಜೋಗದಂತೆ, ಹೆಬ್ಬೆಯಂತೆ ಹೆಸರು ಮಾಡಿದ ಜಲಪಾತಗಳಲ್ಲ. ಮಳೆ ಬಿದ್ದರೆ ಉಂಟು, ಇಲ್ಲವಾದರೆ ಇಲ್ಲ. ಆದರೆ ಬಯಲುಸೀಮೆಯ ಬೆಟ್ಟದಲ್ಲಿ ನೀರು ಧುಮುಕುವುದನ್ನು ಕಾಣುವ ಸಂತೋಷವೇ ಬೇರೆ. ಬೆಂಗಳೂರಿನಿಂದ ಎರಡು ಗಂಟೆಯೊಳಗೆ ಬಂದು ತಲುಪಬಹುದಾದ್ದರಿಂದ, ವಾರಾಂತ್ಯದ ಒಂದು ದಿನದ ಚಾರಣಕ್ಕೆ ಈ ಕೊರಕಲುಗಳು ಈಗ ಪ್ರಸಿದ್ಧವಾಗಿವೆ.

ಪ್ರಸಿದ್ಧಿ ಬಂದರೆ ತಪ್ಪೇನು ಎಂದು ಕೇಳಬಹುದು. ತಪ್ಪೇನೂ ಇಲ್ಲ. ಬೆಟ್ಟ ಹತ್ತದ, ಹಳ್ಳ ದಾಟದ ಪೀಳಿಗೆ ಬೆಟ್ಟವನ್ನೂ ಹಳ್ಳವನ್ನೂ ಉಳಿಸುವ ಮಾತಿಗೆ ಕಿವಿಗೊಡಲಾರದು. ಪ್ರಶ್ನೆ ಇರುವುದು ಬರುವವರು ಏನನ್ನು ನೋಡಿ ಹೋಗುತ್ತಾರೆ ಎಂಬುದರಲ್ಲಿ. ನೀರು ಬೀಳುವ ಒಂದು ಜಾಗವನ್ನಷ್ಟೇ ನೋಡಿ ಹಿಂದಿರುಗಿದವರು ಬೆಟ್ಟದ ಹತ್ತರಲ್ಲಿ ಒಂದು ಪಾಲನ್ನೂ ನೋಡಿದಂತಾಗಲಿಲ್ಲ.

ನೀರಿಗೆ ಎದುರಾಗಿ ನಡೆಯುವ ದಾರಿ

ಇಂಥ ಕೊರಕಲಿನ ಚಾರಣದ ದಾರಿಯನ್ನು ಗಮನವಿಟ್ಟು ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. ನಡೆಯುವವರು ಹೋಗುವುದು ನೀರು ಬರುವ ದಿಕ್ಕಿಗೆ ಎದುರಾಗಿ. ಊರಿನ ಕೆರೆಯ ಏರಿಯಿಂದ ಹೊರಟು, ರಾಗಿ, ಅವರೆ, ತೊಗರಿಯ ಹೊಲಗಳ ಬದುವಿನ ಮೇಲೆ ಸಾಗಿ, ಕೆರೆಗೆ ನೀರು ತರುವ ಕಾಲುವೆಯನ್ನು ಹಿಡಿದು ಮೇಲೇರಿದರೆ ಕುರುಚಲು ಕಾಡು ಸಿಗುತ್ತದೆ. ಅಲ್ಲಿ ಬಂದರಿಕೆ, ತಂಗಡಿ, ಕಾರೆ, ಸೀತಾಫಲದ ಗಿಡಗಳು. ಇನ್ನೂ ಮೇಲೆ ಹೋದಂತೆ ಇಕ್ಕೆಲದ ಬಂಡೆಗಳು ಹತ್ತಿರವಾಗಿ ದಾರಿ ಕಿರಿದಾಗುತ್ತದೆ. ನೆರಳು ತಂಪಾಗುತ್ತದೆ. ಅತ್ತಿ, ನೇರಳೆ, ಹೊಂಗೆಯ ಮರಗಳು ನೀರಿನ ಅಂಚನ್ನೇ ಹಿಡಿದು ಬೆಳೆದಿರುತ್ತವೆ. ಬಂಡೆಯ ತಗ್ಗುಗಳಲ್ಲಿ ನಿಂತ ದೊಣೆಗಳು ಮಳೆ ನಿಂತು ವಾರಗಳಾದರೂ ತಿಳಿಯಾದ ನೀರನ್ನು ಹಿಡಿದಿಟ್ಟುಕೊಂಡಿರುತ್ತವೆ. ಕರಡಿ, ಚಿರತೆ, ಮುಳ್ಳುಹಂದಿ, ನವಿಲುಗಳಿಗೆ ಬೇಸಗೆಯ ಮೊದಲ ತಿಂಗಳುಗಳಲ್ಲಿ ಆಸರೆಯಾಗುವುದು ಈ ದೊಣೆಗಳೇ. ಹಳದಿ ಕತ್ತಿನ ಪಿಕಳಾರವೆಂಬ ಹಕ್ಕಿ ದಕ್ಷಿಣ ಭಾರತದ ಇಂಥ ಬಂಡೆಬೆಟ್ಟಗಳ ಕುರುಚಲು ಕಾಡನ್ನು ಬಿಟ್ಟು ಜಗತ್ತಿನ ಬೇರೆಲ್ಲಿಯೂ ಇಲ್ಲ. ನಂದಿಯ ಬೆಟ್ಟಸಾಲು ಅದರ ಹೆಸರಾಂತ ನೆಲೆಗಳಲ್ಲೊಂದು. ಅಪಾಯದಂಚಿನ ಜೀವಿಗಳ ಜಾಗತಿಕ ಪಟ್ಟಿಯಲ್ಲಿ ಅದರ ಹೆಸರೂ ಸೇರಿದೆ.

ಕೊನೆಯಲ್ಲಿ ಜಲಪಾತ. ಅದರ ಕೆಳಗೆ ನಿಂತವರಿಗೆ ತಲೆಯ ಮೇಲೆ ಇನ್ನೂ ಎಷ್ಟು ಬೆಟ್ಟವಿದೆ ಎಂಬುದು ಕಾಣುವುದಿಲ್ಲ. ಬೀಳುವ ನೀರು ಹುಟ್ಟುವುದು ಅಲ್ಲಿ: ಬಂಡೆಯ ಬಿರುಕುಗಳಲ್ಲಿ, ಹುಲ್ಲಿನ ಬೇರುಗಳಲ್ಲಿ, ಒಣಗಿದ ತರಗೆಲೆಯ ಹಾಸಿನಲ್ಲಿ. ಮಳೆ ನಿಂತ ಮೇಲೂ ಹಳ್ಳ ಹರಿಯುತ್ತಿದ್ದರೆ ಅದಕ್ಕೆ ಕಾರಣ ಮೋಡವಲ್ಲ, ಮೇಲಿನ ಕಾಡು ಹಿಡಿದಿಟ್ಟು ನಿಧಾನವಾಗಿ ಬಿಟ್ಟುಕೊಡುವ ನೀರು. ಕಾಡು ಸುಟ್ಟುಹೋದ ಬೆಟ್ಟದಲ್ಲಿ ಮಳೆಯ ದಿನವೇ ಪ್ರವಾಹ, ಮರುದಿನವೇ ಬರಿಗಲ್ಲು.

ಇಷ್ಟನ್ನು ತಿಳಿದು ಹಿಂದಿರುಗುವವರಿಗೆ ಕೆರೆಯ ಏರಿಯ ಮೇಲೆ ಕಾಲಿಟ್ಟಾಗ ಬೆಳಗ್ಗೆ ಕಾಣದಿದ್ದುದು ಕಾಣುತ್ತದೆ. ಕೆರೆ, ಕಾಲುವೆ, ಕೊರಕಲು, ಜಲಪಾತ, ನೆತ್ತಿಯ ಕಾಡು ಬೇರೆಬೇರೆಯಲ್ಲ, ಎಲ್ಲವೂ ಒಂದೇ ವ್ಯವಸ್ಥೆ. ಒಂದರ ಕುತ್ತಿಗೆ ಹಿಸುಕಿದರೆ ಇನ್ನೊಂದರ ಉಸಿರು ನಿಲ್ಲುತ್ತದೆ.

ಭಾನುವಾರ ಸಂಜೆಯ ಲೆಕ್ಕ

ಆದರೆ ಬರುವವರಲ್ಲಿ ಬಹುಮಂದಿ ಕೆರೆಯನ್ನು ಕಾರು ನಿಲ್ಲಿಸುವ ಬಯಲೆಂದೂ, ಕಾಲುವೆಯನ್ನು ದಾರಿಯೆಂದೂ, ದೊಣೆಯನ್ನು ಸ್ನಾನದ ತೊಟ್ಟಿಯೆಂದೂ ತಿಳಿದಿದ್ದಾರೆ. ಭಾನುವಾರ ಸಂಜೆ ಕೊರಕಲಿನಲ್ಲಿ ಉಳಿಯುವುದು ಖಾಲಿ ನೀರಿನ ಬಾಟಲಿ, ಚಿಪ್ಸ್ ಪೊಟ್ಟಣ, ಒಡೆದ ಮದ್ಯದ ಬಾಟಲಿಯ ಗಾಜು, ಶಾಂಪೂ ಚೀಟಿ. ಮುಂದಿನ ಮಳೆಯಲ್ಲಿ ಇವೆಲ್ಲ ಬಂದು ಸೇರುವುದು ಊರಿನ ಕೆರೆಗೆ. ಗಾಜು ತಗುಲಿ ಕುಂಟುವುದು ಬೆಟ್ಟಕ್ಕೆ ಮೇಯಲು ಹೋದ ಕುರಿ, ಮೇಕೆ, ದನ. ಬೆಂಗಳೂರಿಗೆ ಮರಳಿದವರಿಗೆ ಇದರ ಸುದ್ದಿಯೂ ತಲುಪುವುದಿಲ್ಲ.

ಪ್ರಾಣಕ್ಕೂ ಇದು ಆಟವಲ್ಲ. ಬೆಟ್ಟದ ನೆತ್ತಿಯ ಮೇಲೆ ಸುರಿದ ಮಳೆ ಕೊರಕಲಿಗೆ ಇಳಿಯಲು ಗಂಟೆಗಳು ಬೇಕಿಲ್ಲ. ಕೆಳಗೆ ನಿಂತವರ ತಲೆಯ ಮೇಲೆ ಬಿಸಿಲಿರುವಾಗಲೇ ನೀರು ಮೊಣಕಾಲಿನಿಂದ ಎದೆಗೆ ಏರಬಹುದು. 2024ರ ಜೂನ್ 30ರಂದು ಮಹಾರಾಷ್ಟ್ರದ ಲೋನಾವಳದಲ್ಲಿ, ಭೂಶಿ ಅಣೆಕಟ್ಟಿನ ಬಳಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಬಂಡೆಯೊಂದರ ಮೇಲೆ ಒಬ್ಬರನ್ನೊಬ್ಬರು ಹಿಡಿದು ನಿಂತಿದ್ದವರನ್ನು ನೋಡನೋಡುತ್ತಲೇ ನೀರು ಎಳೆದುಕೊಂಡು ಹೋಯಿತು. ಚಿಕ್ಕಬಳ್ಳಾಪುರದ ಬಳಿಯ ಶ್ರೀನಿವಾಸ ಸಾಗರದಲ್ಲಿ 2022ರ ಮೇ ತಿಂಗಳಲ್ಲಿ ಅಣೆಕಟ್ಟಿನ ಗೋಡೆ ಏರಲು ಹೋದ ಯುವಕನೊಬ್ಬ ಅರ್ಧದಿಂದ ಜಾರಿ ಕೆಳಗೆ ಬಿದ್ದ. 2021ರ ಆಗಸ್ಟ್ 24ರ ರಾತ್ರಿಯ ಮಳೆಗೆ ನಂದಿಬೆಟ್ಟದ ರಸ್ತೆಯ ಮೇಲೆಯೇ ಗುಡ್ಡ ಕುಸಿದು ಸಂಚಾರ ನಿಂತಿತ್ತು. ಬಯಲುಸೀಮೆಯ ಬೆಟ್ಟವೆಂದರೆ ಗಟ್ಟಿಬಂಡೆ, ಕುಸಿಯುವುದೆಲ್ಲ ಮಲೆನಾಡಿನಲ್ಲಿ ಎಂಬ ನಂಬಿಕೆಯೂ ಅಂದೇ ಕುಸಿಯಿತು.

ಎರಡು ಸುಲಭದ ದಾರಿಗಳು

ಇಂಥ ತಾಣಗಳ ವಿಷಯದಲ್ಲಿ ಸರಕಾರಕ್ಕೆ ಎರಡು ಸುಲಭದ ದಾರಿಗಳು ಗೊತ್ತು. ಒಂದು ಬೇಲಿ, ಇನ್ನೊಂದು ಅಭಿವೃದ್ಧಿ.

ಬೇಲಿಯ ಮಾತು ಮೊದಲು. 2024ರ ಜನವರಿ ಕೊನೆಯ ವಾರಾಂತ್ಯದಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ನುಗ್ಗಿದ ಬಳಿಕ, ಆನ್‌ಲೈನ್ ಮುಂಗಡ ನೋಂದಣಿ ಇಲ್ಲದ ಕಡೆಗಳಲ್ಲಿ ಚಾರಣವನ್ನು ತಡೆಹಿಡಿಯಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅರಣ್ಯ ವಿಹಾರ ಎಂಬ ಜಾಲತಾಣ ಬಂದಿತು. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಸ್ವಾಗತಾರ್ಹ. ಸ್ಕಂದಗಿರಿಯಂಥ ಕಡೆ ಹಣ ಕೊಟ್ಟು ನೋಂದಾಯಿಸಿಕೊಂಡೇ ಹತ್ತಬೇಕಾಗಿದೆ. ಆದರೆ ಹೆಸರಿರುವ ಬೆಟ್ಟಕ್ಕೆ ಗೇಟು ಬಿದ್ದಾಗ ಜನ ಹೆಸರಿಲ್ಲದ ಕೊರಕಲನ್ನು ಹುಡುಕಿಕೊಂಡು ಹೋಗುತ್ತಾರೆ. ಅಲ್ಲಿ ಕಾವಲುಗಾರನಿಲ್ಲ, ಮಾರ್ಗದರ್ಶಿಯಿಲ್ಲ, ಲೆಕ್ಕವಿಲ್ಲ. ಇಡೀ ಬೇಲಿ ಹಾಕಿದರೂ ತೊಂದರೆಯೇ. ಅದು ಮೊದಲು ತಡೆಯುವುದು ಸೌದೆ, ಹುಲ್ಲು, ಸೀತಾಫಲಕ್ಕೆಂದು ಬೆಟ್ಟಕ್ಕೆ ಹೋಗುವ ಊರಿನ ಹೆಂಗಸರನ್ನು, ಕುರಿ ಕಾಯುವ ಹುಡುಗರನ್ನು. ತಲೆಮಾರುಗಳಿಂದ ಬೆಟ್ಟವನ್ನು ಬಲ್ಲವರನ್ನು ಹೊರಗಿಟ್ಟು ಬೆಟ್ಟವನ್ನು ಕಾಯುತ್ತೇವೆಂಬುದು ನಿಲ್ಲುವ ಮಾತಲ್ಲ.

ಅಭಿವೃದ್ಧಿಯ ದಾರಿಯಂತೂ ಪರಿಚಿತ. ಜಲಪಾತದವರೆಗೆ ರಸ್ತೆ, ಸಿಮೆಂಟಿನ ಮೆಟ್ಟಿಲು, ಕಬ್ಬಿಣದ ಕಂಬಿ, ವೀಕ್ಷಣಾ ಗೋಪುರ, ಅಂಗಡಿ ಸಾಲು. ನಂದಿಬೆಟ್ಟಕ್ಕೆ ರೋಪ್‌ವೇ ಹಾಕುವ ಯೋಜನೆಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಗಿದೆ. ಕೊರಕಲಿಗೆ ರಸ್ತೆ ಬಂದರೆ ನಡೆಯುವ ಕಷ್ಟ ತಪ್ಪುತ್ತದೆ ನಿಜ. ಆದರೆ ಆ ಕಷ್ಟವೇ ಇದುವರೆಗೆ ಕೊರಕಲನ್ನು ಕಾಯ್ದಿತ್ತು. ಹಳ್ಳದ ಪಾತ್ರದಲ್ಲಿ ಸುರಿದ ಕಾಂಕ್ರೀಟು ನೀರಿನ ಓಟವನ್ನು ಹೆಚ್ಚಿಸುತ್ತದೆ, ಇಂಗುವಿಕೆಯನ್ನು ತಗ್ಗಿಸುತ್ತದೆ. ಚೆಲುವು ನೋಡಲೆಂದು ಕಟ್ಟಿದ ಮೆಟ್ಟಿಲು ಆ ಚೆಲುವಿನ ಬುಡಕ್ಕೇ ಕೊಡಲಿಯಾಗುತ್ತದೆ.

ದೂರದ ನೀರು, ಹತ್ತಿರದ ಹಳ್ಳ

ಒಂದು ಸಣ್ಣ ಕೊರಕಲಿನ ಬಗ್ಗೆ ಇಷ್ಟು ಮಾತೇಕೆ ಎನಿಸಬಹುದು. ಅದಕ್ಕೆ ಉತ್ತರ ಈ ನಾಲ್ಕು ತಾಲೂಕುಗಳ ಕೊಳವೆಬಾವಿಗಳಲ್ಲಿದೆ. ಶಿಡ್ಲಘಟ್ಟದ ಹಿಪ್ಪುನೇರಳೆ, ಚಿಂತಾಮಣಿಯ ಟೊಮೆಟೊ, ಚಿಕ್ಕಬಳ್ಳಾಪುರದ ದ್ರಾಕ್ಷಿ ಮತ್ತು ಹೂವು, ಗೌರಿಬಿದನೂರಿನ ಮುಸುಕಿನ ಜೋಳ ಎಲ್ಲವೂ ನೆಲದಾಳದ ನೀರನ್ನು ನಂಬಿವೆ. ಸಾವಿರ, ಸಾವಿರದೈನೂರು ಅಡಿ ಕೊರೆದರೂ ನೀರು ಸಿಗದೆ ಸಾಲಕ್ಕೆ ಸಿಲುಕಿದ ರೈತರು ಇಲ್ಲಿನ ಊರೂರಲ್ಲಿದ್ದಾರೆ. ಸಿಕ್ಕ ನೀರಿನಲ್ಲಿ ಹಲವೆಡೆ ಫ್ಲೋರೈಡ್. ಈ ದಾಹ ಸುಳ್ಳಲ್ಲ.

ಈ ದಾಹ ತಣಿಸಲು ಹುಡುಕಿದ ನೀರೆಲ್ಲ ಹೊರಗಿನದು. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ, ಬಳಿಕ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆರೆಗಳಿಗೆ ಬರುತ್ತಿದೆ. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತವೂ ಆಗಬೇಕೆಂದು ಶಾಶ್ವತ ನೀರಾವರಿ ಹೋರಾಟ ಸಮಿತಿ ಒತ್ತಾಯಿಸುತ್ತ ಬಂದಿದೆ. ಪಶ್ಚಿಮಘಟ್ಟದ ಹಳ್ಳಗಳಿಂದ 24 ಟಿಎಂಸಿ ನೀರನ್ನು ಏಳು ಜಿಲ್ಲೆಗಳಿಗೆ ಎತ್ತಿ ತರುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದಲ್ಲಿ ಚಾಲನೆ ಸಿಕ್ಕಿತು. ವೆಚ್ಚದ ಅಂದಾಜು 23 ಸಾವಿರ ಕೋಟಿ ರೂಪಾಯಿಯನ್ನು ದಾಟಿದೆ. ಆ ಪೈಪಿಗಾಗಿ ಸಕಲೇಶಪುರದ ಕಾಡು ಸೀಳಿದೆ. ಮಲೆನಾಡಿನ ಬೆಟ್ಟದ ಊರಿನವರಿಗೆ ಆ ನೋವು ಏನೆಂದು ಹೇಳಬೇಕಾಗಿಲ್ಲ.

ಈಗ ಒಂದು ಸಣ್ಣ ಲೆಕ್ಕ. ವಿದ್ಯಾರ್ಥಿಗಳು ಕಾಗದದ ಮೇಲೆ ಮಾಡಿ ನೋಡಬಹುದು. ಚಿಕ್ಕಬಳ್ಳಾಪುರ ಜಿಲ್ಲೆಯ ವಿಸ್ತೀರ್ಣ ಸುಮಾರು 4,200 ಚದರ ಕಿಲೋಮೀಟರ್. ವಾಡಿಕೆಯ ಮಳೆ ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು. ಎರಡನ್ನೂ ಗುಣಿಸಿದರೆ ಜಿಲ್ಲೆಯ ಮೇಲೆ ಬೀಳುವ ಮಳೆ ನೂರು ಟಿಎಂಸಿಯನ್ನು ದಾಟುತ್ತದೆ. ಇದರಲ್ಲಿ ಬಹುಪಾಲು ಆವಿಯಾಗಿ, ಗಿಡಮರಗಳ ಉಸಿರಾಗಿ ಮತ್ತೆ ಆಕಾಶಕ್ಕೆ ಹೋಗುತ್ತದೆ. ಎಲ್ಲವನ್ನೂ ಹಿಡಿದಿಡಲು ಆಗದು, ಹಿಡಿಯಲೂಬಾರದು. ಆದರೂ ಒಂದು ಚದರ ಕಿಲೋಮೀಟರ್ ಬೆಟ್ಟದ ಮೇಲೆ ಒಂದು ರಾತ್ರಿ 50 ಮಿಲಿಮೀಟರ್ ಮಳೆ ಸುರಿದರೆ ಅದು ಐದು ಕೋಟಿ ಲೀಟರ್ ನೀರು. ಅದರಲ್ಲಿ ಕಾಲುಭಾಗ ಕೊರಕಲಿನ ದಾರಿಯಲ್ಲಿ ಶುದ್ಧವಾಗಿ ಕೆರೆ ಸೇರಿದರೂ ಯಾವ ಪಂಪೂ ಇಲ್ಲದೆ, ಯಾವ ವಿದ್ಯುತ್ ಬಿಲ್ಲೂ ಇಲ್ಲದೆ ಒಂದೂಕಾಲು ಕೋಟಿ ಲೀಟರ್ ಬಂದಂತಾಯಿತು. ಹನಿಗೂಡಿ ಹಳ್ಳವೆಂಬ ಮಾತನ್ನು ಹಿರಿಯರು ಸುಮ್ಮನೆ ಆಡಿರಲಿಕ್ಕಿಲ್ಲ.

ಹಿಂದಿನವರು ಈ ಲೆಕ್ಕವನ್ನು ಬಲ್ಲವರಾಗಿದ್ದರು. ಅವಿಭಜಿತ ಕೋಲಾರ ಜಿಲ್ಲೆಯ ನಾಲ್ಕು ಸಾವಿರಕ್ಕೂ ಹೆಚ್ಚಿನ ಕೆರೆಗಳು ಒಂದರ ಕೋಡಿ ಇನ್ನೊಂದರ ಒಡಲಿಗೆ ಬೀಳುವಂತೆ ಸರಪಳಿಯಾಗಿ ಕಟ್ಟಿದವು. ದೊಡ್ಡ ನದಿಯಿಲ್ಲದ ನಾಡಿನಲ್ಲಿ ಬೆಟ್ಟದ ಕೊರಕಲೇ ನದಿ ಎಂದು ಅವರು ತಿಳಿದಿದ್ದರು. 1892ರಲ್ಲಿ ಮದರಾಸು ಮತ್ತು ಮೈಸೂರು ಸರಕಾರಗಳ ನಡುವೆ ಆದ ಒಪ್ಪಂದ ಪೆನ್ನಾರ್, ಚಿತ್ರಾವತಿ, ಪಾಪಾಗ್ನಿ, ಪಾಲಾರ್ ನದಿಗಳ ಮೇಲೆ ಮೈಸೂರು ಹೊಸ ನೀರಾವರಿ ಕೆಲಸ ಕೈಗೊಳ್ಳುವುದಕ್ಕೆ ಮಿತಿ ಹಾಕಿತು. ಹಾಗಾಗಿ ಇದ್ದ ಕೆರೆಗಳನ್ನು ಉಳಿಸಿಕೊಳ್ಳುವುದೇ ಇಲ್ಲಿನ ನೀರಾವರಿಯಾಗಬೇಕಿತ್ತು. ಕೊಳವೆಬಾವಿ ಬಂದ ಮೇಲೆ ಆ ಮಾತು ಮರೆತುಹೋಯಿತು.

ಕೆಳಗಿನವರ ಕಮರಿ

ನಂದಿಯ ಬೆಟ್ಟಸಾಲು ಮತ್ತು ಅದರ ನೆರೆಯ ಗುಡ್ಡಗಳು ಆರು ನದಿಗಳಿಗೆ ತವರು. ಅರ್ಕಾವತಿ ಕಾವೇರಿಗೆ ಹೋಗುತ್ತದೆ. ದಕ್ಷಿಣ ಪಿನಾಕಿನಿ ಮತ್ತು ಪಾಲಾರ್ ತಮಿಳುನಾಡಿಗೆ ಹರಿಯುತ್ತವೆ. ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಆಂಧ್ರಕ್ಕೆ ಇಳಿಯುತ್ತವೆ. ಚನ್ನಕೇಶವ ಬೆಟ್ಟದಲ್ಲಿ ಹುಟ್ಟಿ ಗೌರಿಬಿದನೂರನ್ನು ಹಾದುಹೋಗುವ ಉತ್ತರ ಪಿನಾಕಿನಿಯೇ ಮುಂದೆ ಪೆನ್ನಾ ಎಂಬ ಹೆಸರಿನಲ್ಲಿ ಕಡಪ ಜಿಲ್ಲೆಯ ಗಂಡಿಕೋಟದ ಬಳಿ ಎರ್ರಮಲ ಬೆಟ್ಟಗಳನ್ನು ಕೊರೆದು ನೂರಾರು ಅಡಿ ಆಳದ ಮಹಾಕಮರಿಯನ್ನು ಮಾಡಿದೆ. ಚಿತ್ರಾವತಿ ಅದನ್ನು ಕೂಡುವುದೂ ಗಂಡಿಕೋಟದ ಬಳಿಯಲ್ಲೇ. ಆ ಕಮರಿಯನ್ನು ನೋಡಲು ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಅದನ್ನು ಕೊರೆದ ನದಿಯ ತೊಟ್ಟಿಲು ಚಿಕ್ಕಬಳ್ಳಾಪುರದ ಬೆಟ್ಟದಲ್ಲಿದೆ ಎಂಬುದು ಎಷ್ಟು ಮಂದಿಗೆ ಗೊತ್ತು? ತೊಟ್ಟಿಲಲ್ಲಿ ಬಾಟಲಿ ಎಸೆದವರಿಗೂ ಗೊತ್ತಿಲ್ಲ, ತೊಟ್ಟಿಲನ್ನೇ ಒಡೆಯುತ್ತಿರುವವರಿಗೂ ಗೊತ್ತಿಲ್ಲ.

ಒಡೆಯುವ ಮಾತು ಉತ್ಪ್ರೇಕ್ಷೆಯಲ್ಲ. ಬೆಂಗಳೂರಿನ ಕಟ್ಟಡಗಳಿಗೆ ಜಲ್ಲಿ ಮತ್ತು ಎಂ–ಸ್ಯಾಂಡ್ ಒದಗಿಸಲು ಇಲ್ಲಿನ ಗುಡ್ಡಗಳು ಒಂದೊಂದಾಗಿ ಕ್ರಷರಿನ ಬಾಯಿಗೆ ಬೀಳುತ್ತಿವೆ. 2021ರ ಫೆಬ್ರವರಿ 23ರ ಮುಂಜಾವಿನಲ್ಲಿ ಹಿರೇನಾಗವಲ್ಲಿಯ ಬಳಿ ಗಣಿಗಾರಿಕೆಯ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಜನ ಸತ್ತರು. ಆ ಸದ್ದು ದೂರದವರೆಗೆ ಕೇಳಿಸಿತು. ಆದರೆ ಸುಮಾರು 250 ಕೋಟಿ ವರ್ಷ ವಯಸ್ಸಿನ ಬಂಡೆಯೊಂದು ಪುಡಿಯಾಗಿ ಲಾರಿ ಏರುವಾಗ ಆಗುವ ನಷ್ಟಕ್ಕೆ ಸದ್ದಿಲ್ಲ. ಪ್ಲಾಸ್ಟಿಕ್ಕನ್ನು ಆಯ್ದು ತರಬಹುದು, ಸುಟ್ಟ ಕಾಡು ಮತ್ತೆ ಚಿಗುರಬಹುದು. ಒಡೆದ ಬೆಟ್ಟ ಚಿಗುರುವುದಿಲ್ಲ. ವಾರಾಂತ್ಯದ ಚಾರಣಿಗರನ್ನಷ್ಟೇ ದೂರಿ ಕ್ರಷರಿನ ಬಗ್ಗೆ ಬಾಯಿ ಮುಚ್ಚಿಕೊಂಡರೆ ಅದು ನ್ಯಾಯವಾಗುವುದಿಲ್ಲ. ಅಷ್ಟೇ ಅಲ್ಲ, ತಮ್ಮ ಮನೆಯ ಗೋಡೆಯಲ್ಲಿರುವ ಜಲ್ಲಿ ಯಾವ ಗುಡ್ಡದ್ದು ಎಂಬುದನ್ನು ಚಾರಣಿಗರೂ ಒಮ್ಮೆ ಕೇಳಿಕೊಳ್ಳಬೇಕು.

ಮೂರನೆಯ ದಾರಿ

ಬೇಲಿಯೂ ಬೇಡ, ಸಿಮೆಂಟೂ ಬೇಡ ಎಂದಾದರೆ ಉಳಿಯುವುದು ಒಂದೇ: ಕೊರಕಲಿನ ಹೊಣೆಯನ್ನು ಅದರ ಕೆಳಗಿನ ಕೆರೆಯ ನೀರು ಬಳಸುವ ಊರಿಗೆ ಒಪ್ಪಿಸುವುದು. ಇದಕ್ಕೆ ಹೊಸ ಕಾನೂನು ಬೇಕಿಲ್ಲ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅರಣ್ಯ ಇಲಾಖೆಯ ಜೊತೆ ಸೇರಿ ಕೆಲಸ ಮಾಡಲು ಗ್ರಾಮ ಅರಣ್ಯ ಸಮಿತಿಗಳಿಗೆ ಅವಕಾಶವಿದೆ. ಪಕ್ಕದ ದೇವನಹಳ್ಳಿ ತಾಲೂಕಿನ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಹುಣಸೆಯ ತೋಪಿಗೆ ಸಿಕ್ಕ ಮನ್ನಣೆ ಹಕ್ಕಿಗೂ ಕರಡಿಗೂ ಕೆರೆಗೂ ಆಧಾರವಾದ ಕೊರಕಲಿಗೆ ಸಿಗಬಾರದೇಕೆ?

ಆಗಬೇಕಾದ ಕೆಲಸಗಳು ದೊಡ್ಡವೇನಲ್ಲ. ಒಂದನೆಯದಾಗಿ, ವಾಹನಗಳು ಊರಿನಲ್ಲೇ ನಿಲ್ಲಲಿ. ಅಲ್ಲಿಂದ ಮುಂದೆ ಸಣ್ಣ ಗುಂಪುಗಳಲ್ಲಿ, ಊರಿನವರೊಬ್ಬರ ಜೊತೆಯಲ್ಲಿ, ಕಾಲ್ನಡಿಗೆಯಲ್ಲಿ ಮಾತ್ರ ಪ್ರವೇಶವಿರಲಿ. ಅದಕ್ಕೆ ಕೊಡುವ ಶುಲ್ಕ ಪಂಚಾಯಿತಿಯ ಲೆಕ್ಕಕ್ಕೆ ಬಂದು ಕೆರೆ ಮತ್ತು ಕಾಲುವೆಯ ದುರಸ್ತಿಗೆ ಸಲ್ಲಲಿ. ಬೆಟ್ಟದ ಜಾಡು ಬಲ್ಲ ಕುರಿಗಾಹಿಗೆ, ಊರಿನ ಯುವಕ ಯುವತಿಯರಿಗೆ ಗೌರವದ ದುಡಿಮೆ ಸಿಗಲಿ. ಇಂದು ಸೋಡಾ ಮಾರಿ, ಕಾರು ನಿಲ್ಲಿಸಿ ನಾಲ್ಕು ಕಾಸು ಕಾಣುತ್ತಿರುವವರ ಹೊಟ್ಟೆಯ ಮೇಲೆ ಹೊಡೆದು ಯಾವ ಕಾಡೂ ಉಳಿಯುವುದಿಲ್ಲ. ಎರಡನೆಯದಾಗಿ, ಗಾಜು, ಪ್ಲಾಸ್ಟಿಕ್, ಸಾಬೂನು ಊರಿನ ಗಡಿ ದಾಟದಿರಲಿ. ಮೂರನೆಯದಾಗಿ, ಬೆಟ್ಟದ ಮೇಲೆ ಭಾರೀ ಮಳೆಯಾದ ದಿನವೂ ಮರುದಿನವೂ ಕೊರಕಲು ಮುಚ್ಚಲಿ. ಅದನ್ನು ತೀರ್ಮಾನಿಸುವವರು ಬೆಂಗಳೂರಿನ ಕಚೇರಿಯವರಲ್ಲ, ಹಳ್ಳದ ಬಣ್ಣ ನೋಡಿ ನೀರು ಏರುವುದನ್ನು ಹೇಳಬಲ್ಲ ಊರಿನವರು. ನಾಲ್ಕನೆಯದಾಗಿ, ಕೊರಕಲಿಗೆ ನೀರು ಇಳಿಸುವ ಇಡೀ ಜಲಾನಯನ ಪ್ರದೇಶವನ್ನು ಗುರುತಿಸಿ, ಅದರೊಳಗೆ ಗಣಿಗೆ ಪರವಾನಗಿ ಕೊಡಬಾರದೆಂದು ಗ್ರಾಮಸಭೆ ನಿರ್ಣಯ ಮಾಡಲಿ.

ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ, ಕೈಯಲ್ಲಿ ಒಂದು ನೋಟುಪುಸ್ತಕ ಸಾಕು. ಮಳೆ ಬಿದ್ದ ದಿನ, ಅದರ ಪ್ರಮಾಣ, ಹಳ್ಳ ಹರಿಯತೊಡಗಿದ ದಿನ, ನಿಂತ ದಿನ, ದೊಣೆ ಬತ್ತಿದ ದಿನ, ಕೆರೆ ಕೋಡಿ ಬಿದ್ದ ದಿನ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹತ್ತು ಶಾಲೆಗಳು ಐದು ವರ್ಷ ಇಷ್ಟನ್ನು ಬರೆದಿಟ್ಟರೆ, ಯಾವ ಯೋಜನಾ ವರದಿಯಲ್ಲೂ ಇಲ್ಲದ ದಾಖಲೆಯೊಂದು ಸಿದ್ಧವಾಗುತ್ತದೆ. ನಾಳೆ ಗಣಿಯ ಅರ್ಜಿಯೋ ರಸ್ತೆಯ ಯೋಜನೆಯೋ ಬಂದಾಗ ಊರಿನ ಕೈಯಲ್ಲಿರುವ ಆಯುಧ ಅದು.

ಮಲೆನಾಡಿನ ಓದುಗರಿಗೆ ಇದು ಪರರ ಊರಿನ ಸಂಗತಿಯೆನಿಸಬೇಕಾಗಿಲ್ಲ. ನಂದಿಯ ಕೊರಕಲುಗಳು ಬತ್ತಿದಷ್ಟೂ ಎತ್ತಿನಹೊಳೆಯಂಥ ಪೈಪುಗಳ ಬೇಡಿಕೆ ಬೆಳೆಯುತ್ತದೆ. ಅವು ಹರಿದಷ್ಟೂ ಆ ಬೇಡಿಕೆಯ ಬಲ ಕುಗ್ಗುತ್ತದೆ. ಬಯಲುಸೀಮೆಯ ರೈತನೂ ಮಲೆನಾಡಿನ ರೈತನೂ ನೀರಿಗಾಗಿ ಎದುರುಬದುರು ನಿಲ್ಲಬೇಕಾದವರಲ್ಲ. ಇಬ್ಬರ ಬೆಟ್ಟವನ್ನೂ ಕಾಯಬೇಕಾದ ಕಾರಣ ಒಂದೇ.

ಈ ಸಲದ ಮಳೆಗಾಲದಲ್ಲೂ ಜನ ಜಲಪಾತ ಹುಡುಕಿಕೊಂಡು ಬರುತ್ತಾರೆ. ಬರಲಿ. ಊರಿನವರು ಅವರನ್ನು ಮೊದಲು ಕೆರೆಯ ಏರಿಯ ಮೇಲೆ ನಿಲ್ಲಿಸಿ, ತೂಬನ್ನೂ ಕೋಡಿಯನ್ನೂ ತೋರಿಸಿ, ಈ ನೀರು ಎಲ್ಲಿಂದ ಬಂತೆಂದು ಹುಡುಕಿಕೊಂಡು ಹೋಗೋಣ ಬನ್ನಿ ಎಂದು ಕರೆದೊಯ್ಯಲಿ. ಸಂಜೆ ಹಿಂದಿರುಗುವಾಗ ಅದೇ ಏರಿಯ ಮೇಲೆ ಒಂದು ಗಳಿಗೆ ನಿಲ್ಲಲಿ. ಬೆಳಗ್ಗೆ ಕೆರೆಯನ್ನು ಕಾರು ನಿಲ್ಲಿಸುವ ಜಾಗವೆಂದುಕೊಂಡು ಬಂದವರಲ್ಲಿ ಹತ್ತು ಮಂದಿಯಾದರೂ ಅದನ್ನು ಕೆರೆಯೆಂದು ಕಂಡು ಹೋದರೆ, ಆ ದಿನದ ಚಾರಣ ಸಾರ್ಥಕ.